ಅನಸ್ತೇಷಿಯಾ ವೆಂಟಿಲೇಟರ್ ಕೂಗಿದರೆ ಏನರ್ಥ?

ಆಪರೇಷನ್ ಟೇಬಲ್ ಮೇಲೆ ಮಲಗಿರುವವರಿಗೆ ಮೈಮೇಲೆ ಪರಿವೆ ಇರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ದೊಡ್ಡ ಆಪರೇಷನ್‌ಗಳಲ್ಲಿ ಎಷ್ಟೋ ಸಲ ಅವರು ತಾವಾಗಿ ಉಸಿರಾಡುತ್ತಲೂ ಇರುವುದಿಲ್ಲ. ಮೈಯ ಸ್ನಾಯುಗಳು ಸಡಿಲವಾಗಲಿ ಎಂದು ಔಷಧ ಕೊಟ್ಟಿರುತ್ತಾರೆ, ಅದರ ಜೊತೆಗೆ ಉಸಿರಾಟದ ಸ್ನಾಯುಗಳೂ ಸುಮ್ಮನಾಗಿಬಿಡುತ್ತವೆ. ನಿಮಿಷಕ್ಕೆ 12 ಸಲವೋ 14 ಸಲವೋ ಯಂತ್ರ ಒತ್ತಿ ಕಳಿಸುವ ಗಾಳಿಯೇ ಆಗ ಅವರ ಉಸಿರು. ಆ ಹೊತ್ತಿನಲ್ಲಿ ಪೈಪು ಎಲ್ಲೋ ಒಂದು ಕಡೆ ಕಳಚಿಕೊಂಡರೆ? ರೋಗಿ ಒದ್ದಾಡುವುದಿಲ್ಲ, ಕೈ ಎತ್ತುವುದಿಲ್ಲ, ಮುಖ ಸಿಂಡರಿಸುವುದೂ ಇಲ್ಲ. ಮೇಲೆಲ್ಲ ಬಟ್ಟೆ ಹೊದಿಸಿರುವುದರಿಂದ ಎದೆ ಏರುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದೂ ಕಷ್ಟ. ಕೂಗಬೇಕಾದವರಿಗೆ ಕೂಗಲು ಆಗುವುದಿಲ್ಲ, ಹಾಗಾಗಿ ಯಂತ್ರ ಕೂಗಬೇಕು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಯಂತ್ರಕ್ಕೆ ರೋಗಿಯ ಬಗ್ಗೆ ಏನೇನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಸಂಖ್ಯೆ, ಆ ಸಂಖ್ಯೆಗೆ ಯಾರೋ ಎಳೆದಿಟ್ಟ ಒಂದು ಗೆರೆ, ಮತ್ತೆ ಒಂದು ಗಡಿಯಾರ. ಸಂಖ್ಯೆ ಗೆರೆ ದಾಟಿತಾ, ದಾಟಿ ಇಷ್ಟು ಸೆಕೆಂಡ್ ಆಯಿತಾ, ಕೂಗು. ಅಷ್ಟೇ ಅದರ ಬುದ್ಧಿ. "ರೋಗಿಗೆ ಗಾಳಿ ಹೋಗುತ್ತಿಲ್ಲ" ಅಂತ ಅದು ಹೇಳುತ್ತಿದೆ ಅನ್ನಿಸಿದರೂ, ನಿಜವಾಗಿ ಹೇಳುತ್ತಿರುವುದು "ಈ ಪೈಪಿನಲ್ಲಿ ಒತ್ತಡ ನೀನು ಹೇಳಿದಷ್ಟು ಏರಲಿಲ್ಲ" ಅಂತ ಮಾತ್ರ. ಇವೆರಡರ ನಡುವೆ ಇರುವ ಅಂತರವನ್ನು ಮನುಷ್ಯ ತುಂಬಬೇಕು. ಅಲಾರಂಗಳ ಕಥೆ ಎಲ್ಲಾ ಆ ಅಂತರದಲ್ಲೇ ನಡೆಯುವುದು.

ಮೊದಲು ಗಾಳಿ ಯಾವ ದಾರಿಯಲ್ಲಿ ಓಡಾಡುತ್ತದೆ ನೋಡೋಣ, ಅದು ಗೊತ್ತಾದರೆ ಉಳಿದದ್ದು ಸುಲಭ. ಐಸಿಯು ವೆಂಟಿಲೇಟರ್ ರೋಗಿ ಬಿಟ್ಟ ಉಸಿರನ್ನು ಹೊರಗೆ ಎಸೆದು ಪ್ರತಿ ಸಲ ಹೊಸ ಗಾಳಿ ಕೊಡುತ್ತದೆ. ಅನಸ್ತೇಷಿಯಾ ಯಂತ್ರ ಹಾಗೆ ಮಾಡುವುದಿಲ್ಲ. ಬಿಟ್ಟ ಉಸಿರಿನಲ್ಲಿ ಅರಿವಳಿಕೆಯ ಅನಿಲ ಇನ್ನೂ ಇರುತ್ತದೆ, ಅದನ್ನು ಸುಮ್ನೆ ಎಸೆಯುವುದು ಯಾಕೆ? ಹಾಗಾಗಿ ಅದೇ ಗಾಳಿ ಒಂದು ವೃತ್ತದಲ್ಲಿ ಸುತ್ತುತ್ತದೆ. ಯಂತ್ರದಿಂದ ಎರಡು ಸುಕ್ಕುಸುಕ್ಕಾದ ಪೈಪುಗಳು ಹೊರಡುತ್ತವೆ, ಒಂದು ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ರೋಗಿಯ ಬಾಯಿಯ ಹತ್ತಿರ ಎರಡೂ ವೈ ಆಕಾರದ ಕವಲಿನಲ್ಲಿ ಸೇರುತ್ತವೆ, ಅಲ್ಲಿಂದ ಗಂಟಲೊಳಗಿನ ಟ್ಯೂಬ್. ಗಾಳಿ ಹಿಂದೆ ಬಾರದ ಹಾಗೆ ಒಂದೇ ಕಡೆ ತೆರೆಯುವ ವಾಲ್ವ್ ಎರಡು. ದಾರಿಯಲ್ಲಿ ಸೋಡಾ ಲೈಮ್ ತುಂಬಿದ ಡಬ್ಬ, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವುದಕ್ಕೆ. ಇದರ ಜೊತೆ ಹೊಸ ಅನಿಲ ಬರುವ ಪೈಪು, ಕೈಯಿಂದ ಹಿಂಡುವ ಬ್ಯಾಗ್, ಹೆಚ್ಚಾದದ್ದನ್ನು ಹೊರಗೆ ಬಿಡುವ ವಾಲ್ವ್, ಅದನ್ನು ಕೋಣೆಯಿಂದ ಆಚೆ ಸಾಗಿಸುವ ಪೈಪು. ಇಷ್ಟು ಜೋಡಣೆ ಇದ್ದ ಮೇಲೆ ಕಳಚಿಕೊಳ್ಳುವ ಜಾಗಗಳೂ ಅಷ್ಟೇ ಇರುತ್ತವೆ, ಅಲ್ವಾ? ಜಾಸ್ತಿ ಕಳಚುವುದು ಆ ವೈ ಕವಲಿನ ಹತ್ತಿರವೇ. ತಲೆ ತಿರುಗಿಸಿದಾಗ, ಟೇಬಲ್ ಎತ್ತಿದಾಗ, ಯಾರದ್ದೋ ಮೊಣಕೈ ತಾಗಿದಾಗ.

ಈಗ ಒಂದು ಸಾಧಾರಣ ಉಸಿರಿನ ಲೆಕ್ಕ ಇಟ್ಟುಕೊಳ್ಳೋಣ. ಒಂದು ಸಲಕ್ಕೆ 500 ಮಿಲಿ ಲೀಟರ್, ನಿಮಿಷಕ್ಕೆ 12 ಸಲ, ಒಟ್ಟು 6 ಲೀಟರ್. ಗಾಳಿ ಒಳಗೆ ಹೋಗುವಾಗ ಪೈಪಿನ ಒತ್ತಡ 20 ಸೆಂಟಿಮೀಟರ್ ನೀರಿನಷ್ಟು ಏರುತ್ತದೆ, ಅಂದರೆ 20 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು. ಉಸಿರು ಹೊರಗೆ ಬರುವಾಗ 5ಕ್ಕೋ ಸೊನ್ನೆಗೋ ಇಳಿಯುತ್ತದೆ. ಪರದೆಯಲ್ಲಿ ಅದು ಸಾಲಾಗಿ ನಿಂತ ಗುಡ್ಡಗಳ ಹಾಗೆ ಕಾಣುತ್ತದೆ.

ಕಳಚಿದ್ದನ್ನು ಹಿಡಿಯುವ ಅಲಾರಂ ಈ ಗುಡ್ಡಗಳನ್ನು ಎಣಿಸುತ್ತದೆ. ಗುಡ್ಡಕ್ಕೆ ಅಡ್ಡವಾಗಿ ಒಂದು ಗೆರೆ ಎಳೆದಿರುತ್ತಾರೆ. ಪ್ರತಿ ಉಸಿರಿಗೂ ಒತ್ತಡ ಆ ಗೆರೆಗಿಂತ ಮೇಲೆ ಹೋಗಿ ಬರಬೇಕು, ಹೋದ ಕೂಡಲೇ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. 15 ಸೆಕೆಂಡ್ ಆದರೂ ಒತ್ತಡ ಗೆರೆ ಮುಟ್ಟಲಿಲ್ಲ ಅಂದರೆ ಕೂಗು ಶುರುವಾಗುತ್ತದೆ. ಸೆಕೆಂಡುಗಳ ಲೆಕ್ಕ ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಆಚೀಚೆ ಆಗಬಹುದು. ನಿಮಿಷಕ್ಕೆ 12 ಉಸಿರು ಅಂದರೆ 5 ಸೆಕೆಂಡಿಗೊಂದು, ಅಲ್ಲಿಗೆ ಮೂರು ಉಸಿರು ತಪ್ಪಿದ ಹಾಗಾಯಿತು. ಯಾಕೆ ಅಷ್ಟು ಕಾಯಬೇಕು, ಒಂದು ತಪ್ಪಿದ ಕೂಡಲೇ ಕೂಗಬಾರದಾ ಅಂತ ಕೇಳಬಹುದು. ಕೂಗಬಹುದು. ಆದರೆ ಪೈಪು ಸರಿ ಮಾಡುವುದಕ್ಕೆ, ಗಂಟಲಿನ ಕಫ ಹೀರುವುದಕ್ಕೆ ಅಂತ ಒಂದೆರಡು ಉಸಿರು ನಿಲ್ಲಿಸುವುದು ದಿನನಿತ್ಯದ ಕೆಲಸ, ಅದಕ್ಕೆಲ್ಲ ಬಾಯಿ ಮಾಡುವ ಯಂತ್ರವನ್ನು ಒಂದೇ ವಾರದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇಲ್ಲಿ ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದೇ ಎಲ್ಲಾ. ಇದನ್ನು ಕಣ್ಣಾರೆ ನೋಡಬೇಕು ಅಂದರೆ ರೋಗಿಯ ಬದಲು ವೈ ಕವಲಿಗೆ ಒಂದು ಟೆಸ್ಟ್ ಬ್ಯಾಗ್ ಸಿಕ್ಕಿಸಿ ವೆಂಟಿಲೇಟರ್ ಶುರು ಮಾಡಬೇಕು. ಬ್ಯಾಗ್ ಉಬ್ಬುತ್ತದೆ, ಕುಗ್ಗುತ್ತದೆ, ಒತ್ತಡ 20 ಮುಟ್ಟಿ ಇಳಿಯುತ್ತದೆ. ಗೆರೆ 15ರಲ್ಲಿ ಇಟ್ಟು ಬ್ಯಾಗನ್ನು ಎಳೆದು ತೆಗೆಯಿರಿ. ಮುಳ್ಳು 3 ಅಥವಾ 4ರ ಹತ್ತಿರ ಸುಮ್ನೆ ನಡುಗುತ್ತದೆ, 15 ಸೆಕೆಂಡಿಗೆ ಕೂಗು. ಸರಿಯಾಗಿದೆ. ಈಗ ಬ್ಯಾಗನ್ನು ಪಕ್ಕಕ್ಕಿಟ್ಟು, ತೆರೆದ ಕವಲಿನ ಬಾಯನ್ನು ಒಂದು ದಿಂಬಿನ ಮೇಲೆ ಅಥವಾ ಮಡಿಸಿದ ಬಟ್ಟೆಯ ಮೇಲೆ ಕವುಚಿ ಇಡಿ. ನಿಜವಾದ ಆಪರೇಷನ್ನಿನಲ್ಲಿ ಕಳಚಿದ ಪೈಪು ಬೀಳುವುದೂ ಹೆಚ್ಚುಕಡಿಮೆ ಹಾಗೇ. ಬಟ್ಟೆ ಬಾಯನ್ನು ಅರ್ಧಂಬರ್ಧ ಮುಚ್ಚುತ್ತದೆ, ಒತ್ತಡ 10ಕ್ಕೋ 11ಕ್ಕೋ ಏರುತ್ತದೆ. ಗೆರೆ 15ರಲ್ಲಿದ್ದರೆ ಯಂತ್ರ ಈಗಲೂ ಕೂಗುತ್ತದೆ. ಯಾರೋ ಬೆಳಗ್ಗೆ ಬೇರೊಬ್ಬ ರೋಗಿಗೆ ಅಂತ ಗೆರೆಯನ್ನು 8ಕ್ಕೆ ಇಳಿಸಿ ಹಾಗೇ ಬಿಟ್ಟಿದ್ದರೆ? ಗುಡ್ಡಗಳು ಪ್ರತಿ ಸಲ ಗೆರೆ ದಾಟುತ್ತವೆ. ಯಂತ್ರದ ಲೆಕ್ಕದಲ್ಲಿ ಎಲ್ಲಾ ಸರಿ. ದಿಂಬಿಗೆ ಉಸಿರು ಹೋಗುತ್ತಿದೆ.

ಅದಕ್ಕೇ ಈ ಗೆರೆ ರೋಗಿಯ ಗುಡ್ಡದ ತುದಿಗಿಂತ ಸ್ವಲ್ಪವೇ ಕೆಳಗೆ, 5 ಸೆಂಟಿಮೀಟರ್ ಒಳಗೆ ಇರಬೇಕು ಅನ್ನುವುದು. ಯಂತ್ರ ಆನ್ ಮಾಡಿದಾಗ ಇರುವ ಸಂಖ್ಯೆ ಕಾರ್ಖಾನೆಯದ್ದು, ಈ ರೋಗಿಯದ್ದಲ್ಲ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಮಗುವಿನ ಗಂಟಲಿಗೆ ಹಾಕುವ ಟ್ಯೂಬ್ ಎಷ್ಟು ಸಣ್ಣದು ಅಂದರೆ ಅದು ಗಂಟಲಿನಿಂದ ಪೂರ್ತಿ ಹೊರಗೆ ಬಂದು ಗಾಳಿಯಲ್ಲಿ ತೂಗುತ್ತಿದ್ದರೂ ಆ ಕಿರಿದಾದ ತೂತಿನ ತಡೆಯಿಂದಲೇ ಹಿಂದಿನ ಪೈಪಿನಲ್ಲಿ ಒತ್ತಡ ಏರಿಬಿಡಬಹುದು. ಒತ್ತಡ ಒಂದನ್ನೇ ನಂಬಿಕೊಂಡರೆ ಅಲ್ಲಿ ಮೋಸ ಹೋಗುವುದು ಗ್ಯಾರಂಟಿ.

ಬೆರಳಿಗೆ ಕ್ಲಿಪ್ ಹಾಕಿರುತ್ತಾರಲ್ಲ, ಆಕ್ಸಿಜನ್ ಇಳಿದರೆ ಅದು ಹೇಳುವುದಿಲ್ಲವಾ? ಹೇಳುತ್ತದೆ, ಆದರೆ ತಡವಾಗಿ. ಶ್ವಾಸಕೋಶದಲ್ಲಿ ಉಸಿರು ಬಿಟ್ಟ ಮೇಲೂ ಸುಮಾರು 2 ಲೀಟರ್ ಗಾಳಿ ಉಳಿದಿರುತ್ತದೆ. ಅದರ ತುಂಬ ಬರೀ ಆಕ್ಸಿಜನ್ ಇದ್ದರೆ, ಮೈ ನಿಮಿಷಕ್ಕೆ ಸುಮಾರು 250 ಮಿಲಿ ಲೀಟರ್ ಬಳಸುವ ಲೆಕ್ಕದಲ್ಲಿ, ಉಸಿರು ನಿಂತು ಹಲವು ನಿಮಿಷ ಆದರೂ ಬೆರಳಿನ ಸಂಖ್ಯೆ 99 ಅಂತಲೇ ತೋರಿಸಬಹುದು. 40 ಪರ್ಸೆಂಟ್ ಆಕ್ಸಿಜನ್ ಇದ್ದರೆ ಆ ದಾಸ್ತಾನು ಅರ್ಧಕ್ಕಿಂತ ಕಡಿಮೆ. ದಪ್ಪ ಇರುವವರಲ್ಲಿ, ಗರ್ಭಿಣಿಯರಲ್ಲಿ, ಮಕ್ಕಳಲ್ಲಿ ಇನ್ನೂ ಕಡಿಮೆ. ಬೆರಳಿನ ಕ್ಲಿಪ್ ಕೂಗುವ ಹೊತ್ತಿಗೆ ದಾಸ್ತಾನು ಮುಗಿಯುತ್ತಾ ಬಂದಿರುತ್ತದೆ, ಆಮೇಲೆ ಸಂಖ್ಯೆ ಜರ್ರನೆ ಇಳಿಯುತ್ತದೆ. ಪೈಪಿನ ಅಲಾರಂ 15 ಸೆಕೆಂಡಿಗೇ ಕೂಗಿದರೆ ಸಿಗುವ ಸಮಯ ಇದೇ.

ಒತ್ತಡದ ಕಾವಲುಗಾರ ಮೋಸ ಹೋಗುವ ಜಾಗದಲ್ಲಿ ಇನ್ನಿಬ್ಬರು ನಿಂತಿರುತ್ತಾರೆ. ಒಬ್ಬ ವಾಪಸ್ ಬರುವ ಗಾಳಿಯನ್ನು ಅಳೆಯುವವನು. ಬರುವ ಪೈಪಿನ ಕಡೆ ಫ್ಲೋ ಸೆನ್ಸರ್ ಇರುತ್ತದೆ, 500 ಕಳಿಸಿದರೆ 500ರ ಆಸುಪಾಸು ವಾಪಸ್ ಬರಬೇಕು. 300 ಬಂತು ಅಂದರೆ ಎಲ್ಲೋ ಸೋರಿಕೆ, ಏನೂ ಬರಲಿಲ್ಲ ಅಂದರೆ ಕಳಚಿದೆ. ದಿಂಬಿನ ಮೇಲೆ ಬಿದ್ದ ಪೈಪಿನಿಂದ ಅಷ್ಟು ಗಾಳಿ ವಾಪಸ್ ಬರುವುದಿಲ್ಲ, ಹಾಗಾಗಿ ಇವನನ್ನು ಮರುಳು ಮಾಡುವುದು ಅಷ್ಟು ಸುಲಭವಲ್ಲ. ಇವನ ವೈರಿ ನೀರು. ಬಿಟ್ಟ ಉಸಿರಿನಲ್ಲಿ ತೇವ ಇರುತ್ತದೆ, ಗಂಟೆಗಟ್ಟಲೆ ನಡೆಯುವ ಆಪರೇಷನ್ನಿನಲ್ಲಿ ಅದು ಹನಿಯಾಗಿ ಸೆನ್ಸರ್ ಒಳಗೆ ಕೂರುತ್ತದೆ, ಆಗ ಸಂಖ್ಯೆಗಳು ಹುಚ್ಚುಹುಚ್ಚಾಗಿ ಕುಣಿಯುತ್ತವೆ. ರೋಗಿ ಆರಾಮಾಗಿದ್ದಾನೆ, ಎದೆ ಚೆನ್ನಾಗಿ ಏರುತ್ತಿದೆ, ವಾಲ್ಯೂಮ್ ಅಲಾರಂ, ಅಂದರೆ ಗಾಳಿಯ ಪ್ರಮಾಣದ ಅಲಾರಂ, ಮಾತ್ರ ಬಡಿದುಕೊಳ್ಳುತ್ತಲೇ ಇದೆ ಅಂದರೆ ಮೊದಲ ಅನುಮಾನ ಆ ಹನಿಯ ಮೇಲೆ.

ಇನ್ನೊಬ್ಬ ಕ್ಯಾಪ್ನೋಗ್ರಾಫ್, ಅಂದರೆ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವುದು. ನನ್ನನ್ನು ಕೇಳಿದರೆ ಮೂವರಲ್ಲಿ ಇವನೇ ಹಿರಿಯ. ಯಾಕೆಂದರೆ ದಿಂಬು ಕಾರ್ಬನ್ ಡೈಆಕ್ಸೈಡ್ ಬಿಡುವುದಿಲ್ಲ. ಒತ್ತಡ ಬರಬಹುದು, ಗಾಳಿ ಓಡಾಡಬಹುದು, ಆದರೆ ಪ್ರತಿ ಉಸಿರಿನ ಕೊನೆಗೆ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಕಾರ್ಬನ್ ಡೈಆಕ್ಸೈಡ್ ಬರಬೇಕು ಅಂದರೆ ಆ ತುದಿಯಲ್ಲಿ ಜೀವ ಇರಲೇಬೇಕು. ಟ್ಯೂಬ್ ತಪ್ಪಿ ಅನ್ನನಾಳಕ್ಕೆ ಹೋಗಿದ್ದರೆ ಹಿಡಿಯುವುದೂ ಇದೇ. ಅಷ್ಟೇ ಅಲ್ಲ, ಉಸಿರು ಸರಿಯಾಗಿ ಓಡಾಡುತ್ತಿದ್ದು ಕಾರ್ಬನ್ ಡೈಆಕ್ಸೈಡ್ ಮಾತ್ರ ದಿಢೀರ್ ಕುಸಿದರೆ ಶ್ವಾಸಕೋಶಕ್ಕೆ ರಕ್ತ ಬರುತ್ತಿಲ್ಲ ಅಂತಲೂ ಆಗಬಹುದು, ಅಂದರೆ ತೊಂದರೆ ಪೈಪಿನದ್ದಲ್ಲ, ಹೃದಯದ್ದು. ಇವನಿಗೂ ಒಂದು ದೌರ್ಬಲ್ಯ ಇದೆ. ಕವಲಿನಿಂದ ದಾರದಂಥ ಸಣ್ಣ ಪೈಪಿನಲ್ಲಿ ಗಾಳಿಯನ್ನು ಹೀರಿ ತಂದು ಅಳೆಯುತ್ತಾರೆ, ಆ ಪೈಪು ನೀರು ತುಂಬಿಯೋ ಮಡಚಿಯೋ ಕಟ್ಟಿಕೊಂಡರೆ ಗುಡ್ಡಗಳು ಮಾಯ. ಹೀಗೆ ಮೂವರಲ್ಲಿ ಒಬ್ಬ ಮಾತ್ರ ಕೂಗಿದರೆ ಒಂದು ಅರ್ಥ, ಮೂವರೂ ಒಟ್ಟಿಗೆ ಕೂಗಿದರೆ ಬೇರೆಯೇ ಅರ್ಥ.

ಅಂದಹಾಗೆ, ಗಾಳಿ ಒತ್ತಿ ಕಳಿಸುವ ತಿದಿಯ ಬಗ್ಗೆ ಒಂದು ಮಾತು. ಹಳೆಯ ಯಂತ್ರಗಳಲ್ಲಿ ಗಾಜಿನ ಡಬ್ಬದೊಳಗೆ ಕಪ್ಪು ತಿದಿ ಏರಿ ಇಳಿಯುವುದನ್ನು ನೋಡಿರಬಹುದು. ಕೆಲವು ತಿದಿಗಳು ಮೇಲಿಂದ ತೂಗುಬಿದ್ದಿರುತ್ತಿದ್ದವು, ಉಸಿರು ಬಿಟ್ಟಾಗ ಕೆಳಗೆ ಇಳಿಯುತ್ತಿದ್ದವು. ಪೈಪು ಕಳಚಿದರೂ ತಿದಿ ತನ್ನ ಭಾರಕ್ಕೇ ಇಳಿದು ಹೊರಗಿನ ಗಾಳಿ ಎಳೆದುಕೊಂಡು ಮತ್ತೆ ಏರುತ್ತಿತ್ತು, ನೋಡುವವರಿಗೆ ಎಲ್ಲಾ ಚೆನ್ನಾಗಿಯೇ ಕಾಣುತ್ತಿತ್ತು. ಕೆಳಗೆ ಕೂತು ಮೇಲಕ್ಕೆ ಏರುವ ತಿದಿ ಹಾಗಲ್ಲ, ವಾಪಸ್ ಬರುವ ಉಸಿರೇ ಅದನ್ನು ಎತ್ತಬೇಕು. ಕಳಚಿದರೆ ಅದು ಏಳುವುದೇ ಇಲ್ಲ, ತಳಕ್ಕೆ ಕುಸಿದು ಕೂರುತ್ತದೆ. ಬ್ಯಾಟರಿ ಇಲ್ಲದ, ಕೆಡದ ಅಲಾರಂ ಅದು, ಆದರೆ ಕಣ್ಣಿಟ್ಟು ನೋಡುವವರಿಗೆ ಮಾತ್ರ. ತಿದಿಯ ಬದಲು ಪಿಸ್ಟನ್ ಇರುವ ಯಂತ್ರಗಳಲ್ಲಿ ಈ ಸೌಲಭ್ಯವೂ ಇಲ್ಲ, ಪಿಸ್ಟನ್ ಕಳಚಿದರೂ ತನ್ನ ಪಾಡಿಗೆ ಓಡಾಡುತ್ತಿರುತ್ತದೆ.

ಈಗ ಇನ್ನೊಂದು ತುದಿ, ಒತ್ತಡ ಜಾಸ್ತಿಯಾದಾಗ ಬರುವ ಕೂಗು. ಮೇಲಿನ ಗೆರೆ ಸಾಮಾನ್ಯವಾಗಿ 40ರಲ್ಲಿ ಇರುತ್ತದೆ. ಇದು ಕಾಯುವುದೇ ಇಲ್ಲ, ಮುಟ್ಟಿದ ಕ್ಷಣವೇ ಕೂಗು. ಕೂಗುವುದರ ಜೊತೆ ಹೆಚ್ಚಿನ ಯಂತ್ರಗಳು ಇನ್ನೊಂದು ಕೆಲಸ ಮಾಡುತ್ತವೆ, ಆ ಉಸಿರನ್ನು ಅಲ್ಲಿಗೇ ನಿಲ್ಲಿಸಿ ಒತ್ತಡ ಬಿಟ್ಟುಬಿಡುತ್ತವೆ, ಶ್ವಾಸಕೋಶಕ್ಕೆ ಪೆಟ್ಟಾಗದಿರಲಿ ಅಂತ. ಸರಿಯೇ. ಆದರೆ ಅದರ ಪರಿಣಾಮ ಯೋಚಿಸಿ. 500 ಹೋಗಬೇಕಿದ್ದ ಜಾಗದಲ್ಲಿ 150 ಹೋಗುವಷ್ಟರಲ್ಲಿ ಉಸಿರು ಕತ್ತರಿಸಿ ಹೋಯಿತು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಸ್ವಲ್ಪ ಹೊತ್ತಿಗೆ ವಾಲ್ಯೂಮ್ ಕಡಿಮೆ ಅಂತ ಎರಡನೆಯ ಅಲಾರಂ ಬರುತ್ತದೆ. ಇದನ್ನು ನೋಡಿ ಸೋರಿಕೆ ಹುಡುಕಲು ಹೊರಟರೆ ದಾರಿ ತಪ್ಪಿದ ಹಾಗೆ. ಒತ್ತಡ ಕಡಿಮೆ, ವಾಲ್ಯೂಮ್ ಕಡಿಮೆ ಅಂದರೆ ಗಾಳಿ ಸೋರಿದೆ. ಒತ್ತಡ ಜಾಸ್ತಿ, ವಾಲ್ಯೂಮ್ ಕಡಿಮೆ ಅಂದರೆ ದಾರಿ ಕಟ್ಟಿದೆ. ಕೂಗಿದ್ದು ಒಂದೇ "ವಾಲ್ಯೂಮ್ ಕಡಿಮೆ", ಅರ್ಥ ಪೂರ್ತಿ ಉಲ್ಟಾ.

ಕಟ್ಟಿದ್ದೆಲ್ಲಿ? ಟ್ಯೂಬ್ ಮಡಚಿರಬಹುದು, ರೋಗಿ ಅರ್ಧ ಎಚ್ಚರದಲ್ಲಿ ಅದನ್ನು ಕಚ್ಚಿಹಿಡಿದಿರಬಹುದು, ಒಳಗೆ ಕಫ ಕೂತಿರಬಹುದು. ಟ್ಯೂಬ್ ಒಂದೆರಡು ಸೆಂಟಿಮೀಟರ್ ಜಾಸ್ತಿ ಒಳಗೆ ಜಾರಿ ಬಲ ಶ್ವಾಸನಾಳಕ್ಕೆ ಹೋಗಿದ್ದರೆ ಎರಡು ಶ್ವಾಸಕೋಶಕ್ಕೆ ಅಂತ ಇಟ್ಟ 500 ಒಂದಕ್ಕೇ ನುಗ್ಗುತ್ತದೆ, ಒತ್ತಡ ಏರದೆ ಏನು ಮಾಡುತ್ತದೆ? ಅಸ್ತಮಾದ ಹಾಗೆ ಒಳಗಿನ ಕವಲುಗಳು ಬಿಗಿದಿರಬಹುದು. ಸರ್ಜನ್ ಲ್ಯಾಪರೋಸ್ಕೋಪಿಗೆ ಅಂತ ಹೊಟ್ಟೆಗೆ ಅನಿಲ ತುಂಬಿಸಿದರೂ ಎದೆ-ಹೊಟ್ಟೆಯ ನಡುವಿನ ವಪೆ ಮೇಲೆದ್ದು ಒತ್ತಡ ಏರುತ್ತದೆ. ಇವುಗಳನ್ನು ಬೇರೆ ಮಾಡುವುದಕ್ಕೆ ಒಂದು ಚಂದದ ಉಪಾಯ ಇದೆ. ಗಾಳಿ ಒಳಗೆ ಹೋದ ಮೇಲೆ ಅರೆಗಳಿಗೆ ಅಲ್ಲೇ ತಡೆದು ಹಿಡಿಯುವುದು. ಗಾಳಿಯ ಓಟ ನಿಂತಾಗ ಒತ್ತಡ 38ರಿಂದ 18ಕ್ಕೆ ಇಳಿದುಬಿಟ್ಟರೆ ತೊಂದರೆ ದಾರಿಯದ್ದು, ಅಂದರೆ ಟ್ಯೂಬ್ ಅಥವಾ ಶ್ವಾಸನಾಳ. ತಡೆದರೂ 34ರಲ್ಲೇ ನಿಂತಿದ್ದರೆ ಶ್ವಾಸಕೋಶವೋ ಎದೆಯೋ ಹೊಟ್ಟೆಯೋ ಹಿಗ್ಗುತ್ತಿಲ್ಲ. ಅಲಾರಂಗೆ ಗೊತ್ತಿದ್ದದ್ದು 40 ಅನ್ನುವ ಒಂದು ಸಂಖ್ಯೆ, ಉಳಿದದ್ದು ಪಕ್ಕದಲ್ಲಿ ನಿಂತವರ ತಲೆ. ಕೆಲವೊಮ್ಮೆ ಕಾರಣ ಪಕ್ಕದಲ್ಲಿ ನಿಂತವರ ಬೆರಳೇ ಆಗಿರುತ್ತದೆ ಅನ್ನಿ. ಆಕ್ಸಿಜನ್ ಫ್ಲಶ್ ಗುಂಡಿ ಒತ್ತಿದರೆ ನಿಮಿಷಕ್ಕೆ 35ರಿಂದ 75 ಲೀಟರ್ ವೇಗದಲ್ಲಿ ಆಕ್ಸಿಜನ್ ನುಗ್ಗುತ್ತದೆ. ವೆಂಟಿಲೇಟರ್ ಗಾಳಿ ತಳ್ಳುತ್ತಿರುವ ಹೊತ್ತಿಗೇ ಒತ್ತಿದರೆ ಕೆಲವು ಯಂತ್ರಗಳಲ್ಲಿ ಅದೆಲ್ಲ ಸೀದಾ ಎದೆಗೆ.

ನನಗೆ ಜಾಸ್ತಿ ಭಯ ಇರುವುದು ಮಾತ್ರ ಈ 40ರ ಅಲಾರಂ ಬಗ್ಗೆ ಅಲ್ಲ. ಒತ್ತಡ ಏರಿ ಇಳಿಯದೇ ಇರುವುದರ ಬಗ್ಗೆ. ಹೆಚ್ಚಾದ ಗಾಳಿಯನ್ನು ಬಿಡುವ ವಾಲ್ವ್ ಮುಚ್ಚಿಕೊಂಡರೆ, ಅಥವಾ ಆಚೆ ಸಾಗಿಸುವ ಪೈಪಿನ ಮೇಲೆ ಯಾವುದೋ ಚಕ್ರ ಹತ್ತಿ ನಿಂತರೆ, ಹೊಸ ಅನಿಲ ಬರುತ್ತಲೇ ಇರುತ್ತದೆ, ಹೋಗುವುದಕ್ಕೆ ದಾರಿ ಇಲ್ಲ. ಒತ್ತಡ 15, 20, 25 ಅಂತ ಮೆಲ್ಲಗೆ ಏರುತ್ತದೆ. 40 ಮುಟ್ಟಿಲ್ಲ, ಹಾಗಾಗಿ ಮೇಲಿನ ಅಲಾರಂ ಸುಮ್ಮನಿದೆ. ಗೆರೆಗಿಂತ ಮೇಲೇ ಇದೆ, ಕೆಳಗಿನದ್ದೂ ಸುಮ್ಮನಿರಬಹುದು. ಆದರೆ ಎದೆಯೊಳಗೆ ಒತ್ತಡ ಹಾಗೇ ನಿಂತರೆ ಹೃದಯಕ್ಕೆ ವಾಪಸ್ ಬರಬೇಕಾದ ರಕ್ತ ಬರುವುದಿಲ್ಲ, ಬಿಪಿ ಕುಸಿಯುತ್ತದೆ. ಅದಕ್ಕೇ ಮೂರನೆಯ ಕಾವಲು: ಒತ್ತಡ ಇಷ್ಟಕ್ಕಿಂತ ಮೇಲೆ 10–15 ಸೆಕೆಂಡ್ ಒಂದೇ ಸಮನೆ ನಿಂತರೆ ಕೂಗು ಅನ್ನುವ ಲೆಕ್ಕ. ಇದಕ್ಕೆ ತದ್ವಿರುದ್ಧವಾದ್ದೂ ಒಂದಿದೆ, ಒತ್ತಡ ಸೊನ್ನೆಗಿಂತ ಕೆಳಗೆ ಮೈನಸ್ 10ರ ಹತ್ತಿರ ಹೋದರೆ ಕೂಗುವುದು. ಯಾವುದೋ ಸಕ್ಷನ್ ಪೈಪಿಗೆ ಗಾಳಿ ಎಳೆದುಹೋಗುತ್ತಿದೆ ಅಂತ ಅರ್ಥ. ಅಪರೂಪ.

ಆಕ್ಸಿಜನ್ ವಿಷಯದಲ್ಲಿ ಎರಡು ಬೇರೆಬೇರೆ ಅಲಾರಂ ಇವೆ, ಇವೆರಡನ್ನೂ ಒಂದೇ ಅಂದುಕೊಂಡರೆ ಕೆಟ್ಟಿತು. ಒಂದು, ಯಂತ್ರಕ್ಕೆ ಬರುವ ಆಕ್ಸಿಜನ್ನಿನ ಒತ್ತಡ ಬಿದ್ದರೆ ಕೂಗುವುದು. ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1950ರ ದಶಕದಲ್ಲಿ ಬೋಸನ್ ಎಂಬ ಸೀಟಿ ಇತ್ತು. ಅದರ ದೀಪಕ್ಕೆ ಬ್ಯಾಟರಿ ಬೇಕಿತ್ತು, ಸೀಟಿ ಊದುವುದಕ್ಕೆ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲ ಬೇಕಿತ್ತು. ಬ್ಯಾಟರಿ ಸತ್ತು ನೈಟ್ರಸ್ಸೂ ಖಾಲಿಯಾಗಿದ್ದರೆ ಆಕ್ಸಿಜನ್ ಮುಗಿದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 1960ರ ದಶಕದಲ್ಲಿ ಬಂದ ಸೀಟಿ, ನ್ಯೂಜಿಲೆಂಡಿನ ಅರಿವಳಿಕೆ ವೈದ್ಯ ರಿಚಿ ಅವರ ಹೆಸರಿನದ್ದು, ಈ ಹಂಗನ್ನೆಲ್ಲ ಬಿಟ್ಟಿತು. ಆಕ್ಸಿಜನ್ ಮುಗಿಯುತ್ತಾ ಬಂದಾಗ ಪೈಪಿನಲ್ಲಿ ಉಳಿದ ಆಕ್ಸಿಜನ್ನೇ ಸೀಟಿ ಊದುತ್ತದೆ. ಸಾಯುವ ಮುಂಚೆ ತಾನೇ ಕೂಗಿ ಹೇಳಿದ ಹಾಗೆ. ಇದನ್ನು ಸುಮ್ಮನಾಗಿಸುವ ಗುಂಡಿ ಇಲ್ಲ, ಆಕ್ಸಿಜನ್ ಮತ್ತೆ ಬಂದರೆ ಮಾತ್ರ ಸುಮ್ಮನಾಗುತ್ತದೆ.

ಎರಡನೆಯದು, ರೋಗಿಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಇದೆ ಅಂತ ಅಳೆಯುವುದು. ಮೊದಲನೆಯದಿದ್ದರೆ ಇದು ಯಾಕೆ? ಗೋಡೆಯೊಳಗಿನ ಪೈಪ್‌ಲೈನ್ ರಿಪೇರಿ ಮಾಡಿದವರು ಆಕ್ಸಿಜನ್ ಪೈಪಿಗೆ ಬೇರೆ ಅನಿಲ ಜೋಡಿಸಿದ್ದಾರೆ ಅಂದುಕೊಳ್ಳಿ. ಒತ್ತಡ ಭರ್ಜರಿಯಾಗಿದೆ, ಸೀಟಿ ಊದುವ ಮಾತೇ ಇಲ್ಲ. ನೈಟ್ರಸ್ಸಿನ ಜೊತೆ ಕನಿಷ್ಠ 25 ಪರ್ಸೆಂಟ್ ಆಕ್ಸಿಜನ್ ಹೋಗಲೇಬೇಕು ಅಂತ ಕಟ್ಟಿಹಾಕುವ ವ್ಯವಸ್ಥೆಯೂ ಯಂತ್ರದಲ್ಲಿದೆ, ಆದರೆ ಆಕ್ಸಿಜನ್ ನಳದಲ್ಲಿ ಬರುವುದು ಆಕ್ಸಿಜನ್ನೇ ಅಂತ ಅದೂ ನಂಬಿಕೊಂಡಿದೆ. ಹೆಸರು ನೋಡದೆ ಅನಿಲವನ್ನೇ ಮೂಸಿ ನೋಡುವುದು ಪರ್ಸೆಂಟ್ ಅಳೆಯುವ ಸೆನ್ಸರ್ ಒಂದೇ. ಬಳಕೆಯಲ್ಲಿರುವಾಗ ಇದರ ಕೆಳಗಿನ ಗೆರೆಯನ್ನು 18 ಪರ್ಸೆಂಟ್‌ಗಿಂತ ಕೆಳಗೆ ಇಡಲು ಯಂತ್ರ ಬಿಡುವುದಿಲ್ಲ. ಕೋಣೆಯ ಗಾಳಿಯಲ್ಲೇ 21 ಇರುತ್ತದೆ, ಹಾಗಾಗಿ 18 ಅನ್ನುವುದೂ ಉದಾರವೇ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಅಲಾರಂ ಕೂಗಿದಾಗ ಯಂತ್ರದ ಹಿಂದಿನ ಸಿಲಿಂಡರ್ ತೆರೆದರೆ ಸಾಲದು, ಗೋಡೆಯ ಪೈಪನ್ನು ಕಿತ್ತು ಹಾಕಲೇಬೇಕು. ಪೈಪ್‌ಲೈನ್ ಒತ್ತಡ ಸಿಲಿಂಡರ್ ಕಡೆಯದಕ್ಕಿಂತ ಸ್ವಲ್ಪ ಜಾಸ್ತಿ ಇರುವ ಹಾಗೆ ಯಂತ್ರವನ್ನು ಮಾಡಿರುತ್ತಾರೆ, ಸಿಲಿಂಡರ್ ಸುಮ್ನೆ ಖಾಲಿಯಾಗದಿರಲಿ ಅಂತ. ಪೈಪು ಸಿಕ್ಕಿಸಿಯೇ ಇದ್ದರೆ ಸಿಲಿಂಡರ್ ತೆರೆದಿದ್ದರೂ ಹೋಗುವುದು ಆ ತಪ್ಪು ಅನಿಲವೇ.

ಶಬ್ದದ ಬಗ್ಗೆ ಹೇಳದಿದ್ದರೆ ಅಲಾರಂ ಕಥೆ ಅರ್ಧ. ಮೊದಲೆಲ್ಲ ಒಂದೊಂದು ಕಂಪನಿಯ ಯಂತ್ರ ಒಂದೊಂದು ಥರ ಕೂಗುತ್ತಿತ್ತು. 2003ರಲ್ಲಿ ಐಇಸಿ 60601-1-8 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ತುರ್ತಿನದ್ದಕ್ಕೆ ಕೆಂಪು ದೀಪ ವೇಗವಾಗಿ ಮಿನುಗಬೇಕು, ಶಬ್ದ ಒಂದು ಸುತ್ತಿಗೆ ಹತ್ತು ಸಲ: ಮೂರು, ಎರಡು, ಸ್ವಲ್ಪ ಬಿಡುವು, ಮತ್ತೆ ಮೂರು, ಎರಡು. ಮಧ್ಯಮಕ್ಕೆ ಹಳದಿ ದೀಪ ನಿಧಾನಕ್ಕೆ ಮಿನುಗುತ್ತದೆ, ಶಬ್ದ ಮೂರು ಸಲ. ಮಾಹಿತಿಯಷ್ಟೇ ಆದರೆ ಒಂದೆರಡು ಸಲ ಮೆಲ್ಲಗೆ, ದೀಪ ಮಿನುಗುವುದಿಲ್ಲ. ಪರದೆ ನೋಡದೆ ಬೆನ್ನು ತಿರುಗಿಸಿಕೊಂಡೇ ಲಯದಿಂದ ಗೊತ್ತಾಗಬೇಕು, ಓಡಬೇಕಾ, ನಡೆದರೆ ಸಾಕಾ ಅಂತ. ಇದರ ಮೇಲೆ ವೆಂಟಿಲೇಟರಿಗೆ ಒಂದು ರಾಗ, ಆಕ್ಸಿಜನ್ನಿಗೆ ಇಳಿಯುತ್ತಾ ಹೋಗುವ ಇನ್ನೊಂದು ರಾಗ ಅಂತೆಲ್ಲ ಸೇರಿಸಿದರು. ಕಾಗದದ ಮೇಲೆ ಚಂದ. ಕೆಲಸದ ಗಲಾಟೆಯಲ್ಲಿ ಆ ರಾಗಗಳನ್ನು ಗುರುತು ಹಿಡಿಯುವುದು ಕಷ್ಟ ಅಂತ ಆಮೇಲೆ ಗೊತ್ತಾಯಿತು. 2020ರ ತಿದ್ದುಪಡಿಯಲ್ಲಿ ಕೇಳಿದ ಕೂಡಲೇ ವಿಷಯ ನೆನಪಾಗುವಂಥ ಶಬ್ದಗಳಿಗೆ ಜಾಗ ಮಾಡಿಕೊಟ್ಟರು.

ಇಷ್ಟೆಲ್ಲ ಇದ್ದೂ ಅಲಾರಂ ಕೈಕೊಡುವುದು ಹೆಚ್ಚಾಗಿ ಕೆಟ್ಟು ಅಲ್ಲ, ಯಾರೋ ಅದನ್ನು ಸುಮ್ಮನಾಗಿಸಿರುವುದರಿಂದ. ಕಳಚಿದ್ದನ್ನು ಹಿಡಿಯುವ ಅಲಾರಂ ಹಿಂದೆ ಬೇರೆ ಸ್ವಿಚ್ಚಿನಲ್ಲಿ ಇರುತ್ತಿತ್ತು, ಆನ್ ಮಾಡುವುದು ಮರೆತರೆ ಮುಗಿಯಿತು. ಈಗ ವೆಂಟಿಲೇಟರ್ ಆನ್ ಆದರೆ ಅದೂ ತಾನಾಗಿ ಆನ್ ಆಗುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1986ರಲ್ಲೇ, ವೆಂಟಿಲೇಟರ್ ಬಳಸುವಾಗ ಕಳಚಿದ್ದನ್ನು ಹಿಡಿದು ಕೇಳಿಸುವ ಹಾಗೆ ಕೂಗುವ ಸಾಧನ ಸದಾ ಇರಲೇಬೇಕು ಅಂತ ನಿಯಮ ಮಾಡಿತು. ಆದರೆ ವೆಂಟಿಲೇಟರನ್ನೇ ಆಫ್ ಮಾಡಿದರೆ? ಪಿತ್ತನಾಳದ ಆಪರೇಷನ್ನಿನಲ್ಲಿ ನಡುವೆ ಎಕ್ಸ್‌ರೇ ತೆಗೆಯುವುದುಂಟು, ಚಿತ್ರ ಅಲುಗಾಡದಿರಲಿ ಅಂತ ಉಸಿರು ನಿಲ್ಲಿಸುತ್ತಾರೆ. ಪಾಠ ಹೇಳುವವರು ಪದೇಪದೇ ಎಚ್ಚರಿಸುವ ಜಾಗ ಇದು. ವೆಂಟಿಲೇಟರ್ ಆಫ್ ಆಯಿತು, ಅದರ ಜೊತೆ ಒತ್ತಡದ ಅಲಾರಂ ಕೂಡ. ಕ್ಯಾಪ್ನೋಗ್ರಾಫ್ ಕೂಗಿತು, ಬೇಕಂತಲೇ ನಿಲ್ಲಿಸಿದ್ದಲ್ವಾ ಅಂತ ಎರಡು ನಿಮಿಷ ಸುಮ್ಮನಾಗಿಸುವ ಗುಂಡಿ ಒತ್ತಿದರು. ಅಷ್ಟರಲ್ಲಿ ಎಕ್ಸ್‌ರೇ ಪ್ಲೇಟ್ ಸಿಕ್ಕಿಕೊಂಡಿದೆ, ಸ್ವಲ್ಪ ಕೈ ಹಾಕಿ ಅಂತ ಯಾರೋ ಕರೆದರು. ಆ ಎರಡು ನಿಮಿಷ ಕೋಣೆ ನಿಶ್ಶಬ್ದ. ಇದಕ್ಕೇ ಕೆಲವರು ವೆಂಟಿಲೇಟರ್ ಆಫ್ ಮಾಡಿದ ಕೈಯನ್ನು ಆ ಸ್ವಿಚ್ಚಿನ ಮೇಲಿಂದ ತೆಗೆಯುವುದೇ ಇಲ್ಲ, ಇನ್ನು ಕೆಲವರು ಉಸಿರು ಮತ್ತೆ ಶುರು ಮಾಡುವ ತನಕ ತಾವೇ ಉಸಿರು ಕಟ್ಟಿಕೊಂಡು ನಿಲ್ಲುತ್ತಾರೆ.

ಆಟೋ ಅಂತ ಒಂದು ಗುಂಡಿ ಬೇರೆ ಇರುತ್ತದೆ. ಒತ್ತಿದರೆ ಈಗಿರುವ ಸಂಖ್ಯೆಗಳ ಮೇಲೆ ಕೆಳಗೆ ಯಂತ್ರವೇ ಗೆರೆ ಎಳೆದುಕೊಡುತ್ತದೆ. ಎಲ್ಲಾ ಸರಿಯಿದ್ದಾಗ ಒತ್ತಿದರೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಅಲಾರಂ ಕಿರಿಕಿರಿ ತಾಳಲಾರದೆ ಒತ್ತಿದರೆ, ಒತ್ತಡ 36 ಇದ್ದರೆ ಅದನ್ನೇ ಸಹಜ ಅಂದುಕೊಂಡು ಗೆರೆಯನ್ನು ಅದರಾಚೆಗೆ ಸರಿಸಿ ಸುಮ್ಮನಾಗುತ್ತದೆ.

ಕಾರಣ ಏನೆಂದೇ ತಿಳಿಯದ ಕೂಗು ಬಂದರೆ ಅನುಭವಸ್ಥರು ಪರದೆ ಓದುತ್ತಾ ನಿಲ್ಲುವುದಿಲ್ಲ. ಆಕ್ಸಿಜನ್ 100ಕ್ಕೆ ಏರಿಸಿ, ವೆಂಟಿಲೇಟರಿನಿಂದ ಬ್ಯಾಗಿಗೆ ತಿರುಗಿಸಿ, ಕೈಯಿಂದ ಹಿಂಡುತ್ತಾರೆ. ಬ್ಯಾಗ್ ತುಂಬಿಕೊಳ್ಳುತ್ತಲೇ ಇಲ್ಲ ಅಂದರೆ ಎಲ್ಲೋ ಸೋರಿದೆ, ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂದರೆ ಎಲ್ಲೋ ಕಟ್ಟಿದೆ, ಮೆತ್ತಗೆ ಹೋಗಿ ವಾಪಸ್ ಬಂದು ಎದೆಯೂ ಏರಿದರೆ ತೊಂದರೆ ವೆಂಟಿಲೇಟರ್ ಕಡೆಯದ್ದು. ಅದೂ ಗೊತ್ತಾಗದಿದ್ದರೆ ಯಂತ್ರವನ್ನೇ ಬಿಟ್ಟು, ಪಕ್ಕದಲ್ಲಿ ಸದಾ ತೂಗುಹಾಕಿರುವ, ಹಿಂಡಿದ ಮೇಲೆ ತಾನಾಗಿ ಉಬ್ಬಿಕೊಳ್ಳುವ ಆಂಬು ಬ್ಯಾಗನ್ನು ಟ್ಯೂಬಿಗೆ ನೇರವಾಗಿ ಸಿಕ್ಕಿಸಿ ಹಿಂಡುವುದು. ಆಗ ವೈ ಕವಲು ಖಾಲಿ ತೂಗುತ್ತಿರುತ್ತದೆ, ಯಂತ್ರ ಹಿಂದಿನಿಂದ ಮೂರು-ಎರಡು, ಮೂರು-ಎರಡು ಅಂತ ಕೂಗುತ್ತಲೇ ಇರುತ್ತದೆ. ರೋಗಿಗೆ ಉಸಿರು ಹೋಗುತ್ತಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.